ಮುತ್ತನ ಎಡಗಡೆ

ಹೋದ ವಾರ ಹುಣಸೂರಿನ ಬಜಾರು ಬೀದಿಯಲ್ಲಿ ಒಂದು ಮದುವೆ. ಸ್ಟುಡಿಯೋದವರು ಗಂಡು ಹೆಣ್ಣನ್ನು ಚಪ್ಪರದ ಕೆಳಗೆ ನಿಲ್ಲಿಸಿ ಮೆಗ್ನೀಸಿಯಂ ಪುಡಿ ಹೊತ್ತಿಸಿದರು. ಫಳ್ ಎಂದು ಬೆಳಕಾಯಿತು, ಬಿಳಿ ಹೊಗೆ ಮೇಲೇರಿತು, ಸುಟ್ಟ ಸುಣ್ಣದಂಥ ವಾಸನೆ ಮೂಗಿಗೆ ಬಡಿಯಿತು. ಎಲ್ಲರೂ ಕಣ್ಣುಜ್ಜಿಕೊಂಡರು. ನಾನು ಮಾತ್ರ ನನಗೇ ಗೊತ್ತಿಲ್ಲದಂತೆ ಬಲಗೈ ಚಾಚಿ ಪಕ್ಕದಲ್ಲಿದ್ದವರ ಕುತ್ತಿಗೆ ಸವರಿದೆ. ಮೇಲಿಂದ ಕೆಳಕ್ಕೆ, ನಿಧಾನವಾಗಿ, ಗಂಟಲಿನವರೆಗೆ. ಪಕ್ಕದಲ್ಲಿದ್ದವರು ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟರು. ಅವರಿಗೆ ಎತ್ತಿಗಿರುವಷ್ಟು ಸಮಾಧಾನ ಇರಲಿಲ್ಲ.

ಈ ಕೈಗೆ ಆ ಅಭ್ಯಾಸ ಅಂಟಿದ್ದು ಹೋದ ವರ್ಷದ ಮುಂಗಾರಿನಲ್ಲಿ. ನಯಾಪೈಸೆ ಹೊಸದಾಗಿ ಬಂದು, ಸಂತೆಯಲ್ಲಿ ಅರ್ಧ ಹೊತ್ತು ವ್ಯಾಪಾರ, ಅರ್ಧ ಹೊತ್ತು ಜಗಳ ನಡೆಯುತ್ತಿದ್ದ ವರ್ಷ. ನಾನು ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಕಾಯುತ್ತಿದ್ದವರು ಎಂದರೆ ಮನೆಯವರು. ನನಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ. ನಾನೂ ರಫೀಕನೂ ಕ್ಯಾಮೆರಾ ಮಾಡುತ್ತಿದ್ದೆವು.

ರಫೀಕ ನನ್ನ ಕ್ಲಾಸಿನವನು. ಅವನ ಅಬ್ಬಾ ಪಾತ್ರೆಗೆ ಕಲಾಯಿ ಹಾಕುವವರು, ಮಳೆಗಾಲದಲ್ಲಿ ಕೊಡೆ ರಿಪೇರಿ. ನಮ್ಮಿಬ್ಬರಿಗೂ ಫೋಟೋದ ಹುಚ್ಚು ಹಿಡಿಸಿದ್ದು ಬಜಾರಿನ ಸ್ಟುಡಿಯೋ. ಅಲ್ಲಿ ನೆಲ ಒರೆಸಿ, ಫೋಟೋ ಮೂಡುವ ಗಾಜಿನ ಪ್ಲೇಟು ತೊಳೆದು, ಅದಕ್ಕೆ ಬದಲಾಗಿ ಅವಧಿ ಮುಗಿದ ಪ್ಲೇಟುಗಳನ್ನು ಇಸಿದುಕೊಂಡು ಬರುತ್ತಿದ್ದೆವು. ಲೆನ್ಸು ಸಿಕ್ಕಿದ್ದು ಸಂತೆಯಲ್ಲಿ, ಹಳೇ ಕಬ್ಬಿಣದವನ ಗೋಣಿಚೀಲದೊಳಗೆ. ಕೊಡಗಿನ ಕಡೆಯ ಯಾವುದೋ ತೋಟದ ಬಂಗಲೆಯಿಂದ ಬಂದ ಹಿತ್ತಾಳೆ ಕೊಳವೆ, ಎರಡು ತುದಿಗೂ ಗಾಜು. ಅವನು ಅದನ್ನು ಸ್ಟೌವಿನ ಭಾಗ ಎಂದುಕೊಂಡಿದ್ದ. ನಾವು ಅವನನ್ನು ತಿದ್ದಲು ಹೋಗಲಿಲ್ಲ. ನಮ್ಮ ಅಟ್ಟದ ಮೇಲೆ ತೂತು ಬಿದ್ದು ಕೂತಿದ್ದ ಕೊಳಗವನ್ನು ಕೊಟ್ಟು ಅದನ್ನು ತಂದೆವು. ಎಷ್ಟು ಭಾರವೆಂದರೆ, ಅದನ್ನು ಜೇಬಿಗೆ ಹಾಕಿಕೊಂಡು ನಡೆದರೆ ನಾನು ಒಂದೇ ಕಡೆಗೆ ತಿರುಗುತ್ತಿದ್ದೆ.

ಸ್ಕೂಲಿನ ಹುಡುಗರಿಗೆ ನಾನು ಹೇಳಿದ ಕತೆಯೇ ಬೇರೆ. ಈ ಲೆನ್ಸು ಕಾಕನಕೋಟೆ ಕಾಡಿನಲ್ಲಿ ಒಂದು ಹುಲಿಯ ಫೋಟೋ ತೆಗೆದಿತ್ತು. ಆಮೇಲೆ ಆ ಹುಲಿ ಫೋಟೋ ತೆಗೆದ ಬಿಳಿ ದೊರೆಯನ್ನೂ, ದೊರೆಯ ಟೋಪಿಯನ್ನೂ, ಕ್ಯಾಮೆರಾದ ಮರವನ್ನೂ ತಿಂದು, ಹಿತ್ತಾಳೆ ಅಗಿಯಲಾರದೆ ಉಗಿದು ಹೋಗಿತ್ತು. ಹಲ್ಲಿನ ಗುರುತು ಎಂದು ಒಂದು ಗೀರನ್ನೂ ತೋರಿಸುತ್ತಿದ್ದೆ. ಅದು ರಫೀಕನ ಅರದ ಗುರುತು.

ಟೀ ಪೆಟ್ಟಿಗೆಯ ಹಲಗೆಯಿಂದ ಒಂದರೊಳಗೊಂದು ಜಾರುವ ಎರಡು ಡಬ್ಬ ಮಾಡಿ, ಒಳಗೆಲ್ಲ ಹಂಚಿನ ಮಸಿ ಬಳಿದು, ಮುಂದೆ ಲೆನ್ಸು ಕೂರಿಸಿ, ಹಿಂದೆ ಚಿತ್ರ ಬೀಳಲು ಮಾಸಲು ಗಾಜು ಇಟ್ಟೆವು. ಆ ಲೆನ್ಸಿನ ಗುಣವೇ ಗುಣ. ನಡುವೆ ಇದ್ದದ್ದು ಸೂಜಿಯಲ್ಲಿ ಕೆತ್ತಿದಂತೆ ಕಾಣುತ್ತಿತ್ತು, ಸುತ್ತ ಇದ್ದದ್ದೆಲ್ಲ ಮಜ್ಜಿಗೆ ಕಡೆದಂತೆ ಸುತ್ತುತ್ತ ಕರಗುತ್ತಿತ್ತು. ಅದಕ್ಕೆ ಶಟರ್ ಇರಲಿಲ್ಲ. ಮುಚ್ಚಳ ತೆಗೆಯುವುದು, ಮುಚ್ಚಳ ಹಾಕುವುದು, ಅಷ್ಟೇ. ಹಾಗಾಗಿ ಕತ್ತಲಲ್ಲಿ ಮುಚ್ಚಳ ತೆಗೆದು, ಪುಡಿ ಹೊತ್ತಿಸಿ, ಮುಚ್ಚಳ ಹಾಕಿದರೆ ಫೋಟೋ ಆಗಿಬಿಡುತ್ತದೆ ಎಂದು ಸ್ಟುಡಿಯೋದವರು ಹೇಳಿದ್ದರು. ಬೆಳಕು ಮುಂದಿನಿಂದ ಬಿದ್ದರೆ ಮುಖ ಹಪ್ಪಳದಂತೆ ಕಾಣುತ್ತದೆ, ಪಕ್ಕದಿಂದ ಬಿದ್ದರೆ ಮೂಗು ಮೂಗಾಗಿ, ಕೆನ್ನೆ ಕೆನ್ನೆಯಾಗಿ ನಿಲ್ಲುತ್ತದೆ ಎಂದೂ ಹೇಳಿದ್ದರು. ಅದೇ ನನ್ನ ತಲೆ ಕೆಡಿಸಿದ್ದು. ರಫೀಕನ ಅಬ್ಬಾ ಬಿಸ್ಕತ್ತಿನ ಡಬ್ಬದ ಮುಚ್ಚಳವನ್ನು ಬಟ್ಟಲಿನಂತೆ ಬಗ್ಗಿಸಿ, ಉದ್ದನೆಯ ಬಿದಿರ ತುದಿಗೆ ಕಟ್ಟಿಕೊಟ್ಟರು. ಪುಡಿಯನ್ನು ಸ್ಟುಡಿಯೋದವರು ನಶ್ಯದ ಡಬ್ಬಿಯಲ್ಲಿ ಕೊಟ್ಟು, "ನಶ್ಯ ಎಷ್ಟು ತಗೋತಾರೋ ಅಷ್ಟೇ, ಜಾಸ್ತಿ ಬೇಡ" ಎಂದು ಕಿವಿ ಹಿಂಡಿ ಕಳಿಸಿದ್ದರು.

ಇದನ್ನೆಲ್ಲ ಹೊತ್ತುಕೊಂಡು ನಾವು ಹೋದದ್ದು ಗಾವಡಗೆರೆ ಹತ್ತಿರದ ಊರಿಗೆ, ನಮ್ಮ ದೊಡ್ಡಪ್ಪನ ಮನೆಗೆ. ಅಪ್ಪ ಹುಣಸೂರಿನಲ್ಲಿ ಅಂಗಡಿ ಇಟ್ಟರು, ದೊಡ್ಡಪ್ಪ ಸಿದ್ದಪ್ಪ ಊರಿನಲ್ಲೇ ಹೊಲ ನೋಡಿಕೊಂಡು ಉಳಿದರು. ಆ ವರ್ಷ ಅವರು ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಕಾರಣ ಹೊನ್ನಾರು.

ನಮ್ಮ ಕಡೆ ಯುಗಾದಿಯ ದಿನ ಪಂಚಾಂಗ ನೋಡಿ, ಈ ವರ್ಷ ಯಾರ ಹೆಸರಿಗೆ ಹೊನ್ನಾರು ಕೂಡಿಬರುತ್ತದೆ ಎಂದು ಹೇಳುತ್ತಾರೆ. ಆ ಮನೆಯ ಜೋಡಿ ಎತ್ತುಗಳು ವರ್ಷದ ಮೊದಲ ಸಾಲು ಉಳಬೇಕು. ಮಳೆ ಬಿದ್ದಾಗ ಮೊದಲ ಬೀಜವೂ ಅದೇ ಜೋಡಿಯ ಹಿಂದೆ ಬೀಳಬೇಕು. ಅವರು ಬಿತ್ತುವವರೆಗೆ ಊರಲ್ಲಿ ಇನ್ನೊಬ್ಬರು ಕೂರಿಗೆ ಮುಟ್ಟುವಂತಿಲ್ಲ. ನಮ್ಮ ಮನೆಗೆ ತಾತನ ಕಾಲದ ಮೇಲೆ ಬಂದೇ ಇರಲಿಲ್ಲ. ಈ ವರ್ಷ ದೊಡ್ಡಪ್ಪನ ಹೆಸರಿಗೆ ಬಂತು. ಮುತ್ತ ಮತ್ತು ಮಲ್ಲ ಎಂಬ ಅವರ ಬಿಳಿ ಎತ್ತುಗಳು ಕೊಂಬಿಗೆ ಬಣ್ಣ ಹಚ್ಚಿಸಿಕೊಂಡು ಊರ ಮುಂದೆ ಸಾಲು ಹೊಡೆದವು. ಮುತ್ತ ಎಡಗೋಲಿನದು, ಮಲ್ಲ ಬಲಗೋಲಿನದು. ಅಂದರೆ ನೊಗದ ಎಡಕ್ಕೆ ಯಾವಾಗಲೂ ಮುತ್ತ, ಬಲಕ್ಕೆ ಯಾವಾಗಲೂ ಮಲ್ಲ. ಕರುವಾಗಿದ್ದಾಗ ಪಳಗಿಸಿದ ದಿನದಿಂದ ಹಾಗೇ.

"ನನ್ ಮುಖ ಯಾಕ್ಲಾ ಬೇಕು, ಚಂದ್ರ? ನನ್ ಎತ್ತಿನ ಪೋಟ ತಗಿ," ಅಂದರು ದೊಡ್ಡಪ್ಪ. "ಹೊನ್ನಾರು ಹೂಡ್ದ ಜೋಡಿ ಅಂತ ಗೋಡೆಗ್ ಹಾಕ್ತೀನಿ."

ಕೊಟ್ಟಿಗೆ ಮಧ್ಯಾಹ್ನದಲ್ಲೂ ಕತ್ತಲು. ನಮಗೆ ಬೇಕಾದದ್ದೂ ಅದೇ. ರಫೀಕ ಪೆಟ್ಟಿಗೆ ನಿಲ್ಲಿಸಿ, ಬಾಗಿಲು ಅರೆ ತೆರೆದು, ಮಾಸಲು ಗಾಜಿನಲ್ಲಿ ಎತ್ತುಗಳನ್ನು ಕೂರಿಸಿದ. ದೊಡ್ಡಪ್ಪ ಪೆಟ್ಟಿಗೆಗೆ ಹೊದಿಸಿದ್ದ ಕಂಬಳಿಯೊಳಗೆ ತಲೆ ತೂರಿಸಿ ನೋಡಿ ಕಿರುಚಿದರು.

"ಅಯ್ಯಯ್ಯೋ, ಕಾಲ್ ಮ್ಯಾಕ್ಕೆ ಮಾಡ್ಕಂಡ್ ನಿಂತವಲ್ಲೋ!"

"ಲೆನ್ಸಲ್ಲಿ ಹಂಗೇ ಕಾಣೋದು ದೊಡ್ಡಪ್ಪ. ದೊರೆಗಳೂ ತಲೆಕೆಳಗೇ ಕಾಣ್ತಾರೆ."

"ಅವ್ರು ಎಂಗಾದ್ರೂ ನಿಂತ್ಕಳ್ಳಿ. ನನ್ ಎತ್ತು ನೆಟ್ಟಗ್ ಬರ್ಬೇಕು."

ಆಮೇಲೆ ಅವರು ಮುತ್ತನ ಮೂಗುದಾರ ಹಿಡಿದು ನಿಲ್ಲುತ್ತೇನೆ ಎಂದರು. ನಾನು ಬೇಡ ಎಂದೆ. ಅವರ ತಲೆ ಫೋಟೋದಲ್ಲಿ ಬಂದರೆ ಅದು ಎತ್ತಿನ ಫೋಟೋ ಆಗುವುದಿಲ್ಲ, ಎತ್ತು ಮೇಯಿಸುವವರ ಫೋಟೋ ಆಗುತ್ತದೆ ಎಂದೆ. "ನೀವು ಆ ಕಡೆ ಹೋಗಿ ದೊಡ್ಡಪ್ಪ, ಇದು ತಿಳಿದೋರ ಕೆಲಸ." ತಿಳಿದವನು ಅಂದರೆ ನಾನು. ದೊಡ್ಡಪ್ಪ ಪಾಪ, ಹೋಗಿ ಗೋದಲೆಯ ಹಿಂದೆ ನಿಂತರು.

ಮುಚ್ಚಳ ತೆಗೆಯುವ ಕೆಲಸದಲ್ಲಿ ಯಾವ ಗತ್ತೂ ಇಲ್ಲ, ಅದನ್ನು ರಫೀಕನಿಗೆ ಕೊಟ್ಟೆ. ಬಿದಿರು ಹಿಡಿದು ನಾನು ಮುತ್ತನ ಎಡಗಡೆ ನಿಂತೆ. ಬಾಗಿಲಲ್ಲಿ ಊರಿನ ಹುಡುಗರು ಜಮಾಯಿಸಿದ್ದರು, ಅವರ ಹಿಂದೆ ದೊಡ್ಡಮ್ಮ, ಅವರ ಹಿಂದೆ ನೀರಿಗೆ ಹೊರಟ ಹೆಂಗಸರು. ಇಷ್ಟು ಜನ ಸೇರಿದಾಗ ನಶ್ಯದಷ್ಟು ಪುಡಿ ಹಾಕುವುದು ಅವರಿಗೂ ಅವಮಾನ, ನನಗೂ ಅವಮಾನ. ಡಬ್ಬಿಯನ್ನೇ ಬೋರಲು ಹಾಕಿದೆ.

"ಅರೆ, ಜಾಸ್ತಿ ಆಯ್ತು ಕಣೋ," ಅಂದ ರಫೀಕ.

"ನೀನು ಮುಚ್ಚಳ ನೋಡ್ಕೊ."

ಪುಡಿಗೆ ಸಿಕ್ಕಿಸಿದ್ದ ಬತ್ತಿಗೆ ಕಿಡಿ ಮುಟ್ಟಿಸಿದೆ.

ಆಮೇಲೆ ಏನಾಯಿತು ಎಂದು ನಾನು ಹೇಳಿದರೆ ಉತ್ಪ್ರೇಕ್ಷೆ ಎನ್ನುತ್ತೀರಿ, ಆದರೆ ಕೊಟ್ಟಿಗೆಯಲ್ಲಿದ್ದ ಕೋಳಿಗಳು ಬೆಳಗಾಯಿತು ಎಂದು ಕೂಗಿದವು. ರಫೀಕನ ಹುಬ್ಬು ಮಾಯವಾಯಿತು. ದೊಡ್ಡಮ್ಮ ಸಿಡಿಲು ಬಡಿಯಿತೆಂದು ಶಿವನನ್ನು ಕೂಗಿದರು. ಬಿಳಿ ಹೊಗೆಯೊಳಗಿಂದ ಮುತ್ತ ಕಣ್ಣಿ ಕಿತ್ತುಕೊಂಡು, ಗೋದಲೆಯ ಹಲಗೆಯನ್ನು ಕೊರಳಿಗೆ ನೇತುಹಾಕಿಕೊಂಡು, ಅಂಗಳದ ಸಂಡಿಗೆಯ ಮೇಲೆ ಹಾದು ಹೊರಗೆ ಹಾರಿತು. ಸಂಡಿಗೆ ಅಂಟಿದ ಗೊರಸಿನಲ್ಲಿ ಅದು ಓಡಿದ್ದನ್ನು ನೆನೆದು ನಾವು ಹುಡುಗರು ಹೊಟ್ಟೆ ಹಿಡಿದು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅದನ್ನು ದೊಡ್ಡಪ್ಪ ಬಹಳ ಹೊತ್ತಿನ ಮೇಲೆ ಹಿಡಿದು ತಂದರು. ಅಂಗಳಕ್ಕೆ ಬಂದಾಗ ಅವರು ಮುತ್ತನ ಎಡಗಡೆಯಿಂದ ಕೈ ಎತ್ತಿದರು, ಬೆನ್ನು ತಟ್ಟಲು. ಅದು ಮೈಯೆಲ್ಲ ಮುದುರಿ, ಅಲ್ಲೇ ಕಟ್ಟಿದ್ದ ಮಲ್ಲನ ಮೇಲೆ ಬಿದ್ದು, ಗೋಡೆಗೆ ಒತ್ತಿಕೊಂಡು ನಿಂತಿತು. ಅದರ ತೊಡೆಯ ಚರ್ಮ ಅಲುಗುತ್ತಲೇ ಇತ್ತು. ನಗುವುದನ್ನು ಎಲ್ಲರೂ ಒಟ್ಟಿಗೆ ನಿಲ್ಲಿಸಿದೆವು.

ಫೋಟೋ ಮಾತ್ರ ಅದ್ಭುತವಾಗಿ ಬಂದಿತ್ತು. ಹುಣಸೂರಿನ ಸ್ಟುಡಿಯೋದಲ್ಲಿ ಪ್ಲೇಟು ತೊಳೆದಾಗ ನಮಗೆ ಪಾಠ ಹೇಳಿದವರೇ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಸುತ್ತಲಿನ ಕೊಟ್ಟಿಗೆಯೆಲ್ಲ ಸುಳಿಯಂತೆ ತಿರುಗುತ್ತಿತ್ತು. ನಡುವೆ ಮುತ್ತನ ಮುಖ, ಕೊಂಬಿನ ಒಂದೊಂದು ಗೆರೆ, ಮೂಗಿನ ಮೇಲಿನ ಹನಿ. ಎಡಗಣ್ಣು ಇಷ್ಟಗಲ ತೆರೆದಿತ್ತು, ಅದರೊಳಗೆ ನನ್ನ ಬೆಳಕು ನಕ್ಷತ್ರದಂತೆ ಕೂತಿತ್ತು. "ಏನು ಜೀವ ಕಣಯ್ಯ ಕಣ್ಣಲ್ಲಿ!" ಎಂದರು ಸ್ಟುಡಿಯೋದವರು. ಹಾಗೇ ಎದೆ ಸೆಟೆಸಿಕೊಂಡು ಊರಿಗೆ ವಾಪಸ್ಸು ಬಂದೆ.

ದೊಡ್ಡಪ್ಪ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಚೆನ್ನಾಗದೆ," ಅಂದರು. ಆಮೇಲೆ ಮೆಲ್ಲಗೆ, "ಎಷ್ಟ್ ಎದ್ರುಕಂಡದೆ ನೋಡು, ಪಾಪ."

ಬೈದಿದ್ದರೆ ನನ್ನ ಬಳಿ ಉತ್ತರ ಇತ್ತು. ನನ್ನ ಬಳಿ ಎಲ್ಲದಕ್ಕೂ ಉತ್ತರ ಇರುತ್ತದೆ. ಅವರು ಬೈಯಲಿಲ್ಲ, ಫೋಟೋ ನನ್ನ ಕೈಗಿಟ್ಟು ಮುತ್ತನಿಗೆ ಹುಲ್ಲು ಹಾಕಲು ಹೋದರು.

ಮೃಗಶಿರ ಮಳೆ ಒಳ್ಳೇ ಹೊತ್ತಿಗೆ ಬಂತು. ಹದ ಎಂದರೆ ಹದ, ಮಣ್ಣನ್ನು ಹಿಡಿದು ಮುದ್ದೆ ಕಟ್ಟಿ ಬಿಟ್ಟರೆ ಉದುರುವಷ್ಟು. ಬೆಳಗ್ಗೆ ದೊಡ್ಡಪ್ಪ ಕೂರಿಗೆಗೆ ಪೂಜೆ ಮಾಡಿ ಹೊಲಕ್ಕೆ ಹೊರಟರು. ದೊಡ್ಡಮ್ಮ ಮಡಿಲಲ್ಲಿ ರಾಗಿ ಕಟ್ಟಿಕೊಂಡು ಹಿಂದೆ. ಊರೆಲ್ಲ ತಮ್ಮ ತಮ್ಮ ಹೊಲದ ಬದುವಿನಲ್ಲಿ ಕೂರಿಗೆ ಕಟ್ಟಿ ನಿಂತಿತ್ತು, ಹೊನ್ನಾರಿನ ಬೀಜ ಬಿದ್ದ ಕೂಡಲೇ ಶುರು ಮಾಡಲು.

ಮುತ್ತ ನೊಗಕ್ಕೆ ಕೊರಳು ಕೊಟ್ಟಿತು. ಎಡಗಡೆ ಬಯಲು. ಅಲ್ಲಿ ಏನೂ ಇಲ್ಲ, ಆಕಾಶವಷ್ಟೇ. ಅದೇ ಅದಕ್ಕೆ ಭಯ. ನಾಲ್ಕು ಹೆಜ್ಜೆ ಇಟ್ಟು ಬಲಕ್ಕೆ ದಬ್ಬಿತು, ಮಲ್ಲ ದಬ್ಬಿಸಿಕೊಂಡಿತು, ಕೂರಿಗೆ ಪಕ್ಕದ ಹೊಲಕ್ಕೆ ಹೋಯಿತು. ಮತ್ತೆ ತಂದರು, ಮತ್ತೆ ಹೋಯಿತು. ಮುತ್ತನನ್ನು ಬಲಕ್ಕೆ ಕಟ್ಟಿ ನೋಡಿದರು. ಮಲ್ಲ ಹುಟ್ಟಿದ ಮೇಲೆ ಎಡಗೋಲು ಕಂಡದ್ದಲ್ಲ. ಎರಡೂ ಒಂದರ ಮುಖ ಒಂದು ನೋಡಿಕೊಂಡು ಗಾಣ ಸುತ್ತಿದಂತೆ ಸುತ್ತಿದವು. ಬೇರೆ ದಿನವಾಗಿದ್ದರೆ ಅದನ್ನು ನಾನು ಹುಣಸೂರಿನವರೆಗೆ ಹೇಳಿಕೊಂಡು ನಗುತ್ತಿದ್ದೆ. ಅವತ್ತು ಬದುವಿನ ಮೇಲೆ ಇಡೀ ಊರು ನಿಂತು ಸುಮ್ಮನೆ ನೋಡುತ್ತಿತ್ತು.

ಮಧ್ಯಾಹ್ನಕ್ಕೆ ಊರಿನ ಪಟೇಲರು ಬದುವಿಗೆ ಬಂದರು.

"ಸಿದ್ದಪ್ಪ, ಹದ ನಮ್ಗೋಸ್ಕರ ಕಾಯಾಕಿಲ್ಲ ಕಣಪ್ಪ. ಎರಡ್ ಬಿಸ್ಲು ಬಿದ್ರೆ ನೆಲ ಬಿಗ್ಕತ್ತದೆ. ಹೊನ್ನಾರು ಇನ್ನೊಬ್ರಿಗೆ ಬುಟ್ಕೊಟ್ಬುಡು."

ಯಾರೋ ಹಿಂದಿನಿಂದ ಅಂದರು. "ಎತ್ತನ್ನ ತಲೆಕೆಳಗ್ ಮಾಡಿ ನೋಡುದ್ರೆ ಇನ್ನೇನಾದದು? ಆ ಸಾಬ್ರ ಹುಡುಗನ್ನ ಊರೊಳಗ್ ಬುಟ್ಟಿದ್ದೇ ತಪ್ಪು."

ರಫೀಕ ನನ್ನ ಪಕ್ಕದಲ್ಲೇ ಇದ್ದ, ಹುಬ್ಬಿಲ್ಲದ ಮುಖ ಹೊತ್ತುಕೊಂಡು. ಅವನು ನನ್ನ ಕಡೆ ನೋಡಲೂ ಇಲ್ಲ.

"ಪುಡಿ ಸುರ್ದಿದ್ದು ನಾನು," ಅಂದೆ. "ಅವ್ನು ಬ್ಯಾಡ ಅಂದಿದ್ದ."

"ನೀವ್ ಹುಡುಗ್ರು ಸುಮ್ಕಿರಿ," ಅಂದರು ದೊಡ್ಡಪ್ಪ. ಪಟೇಲರ ಕಡೆ ತಿರುಗಿದರು. "ಪೋಟ ತಗೀರಿ ಅಂದಿದ್ದು ನಾನು. ನಂಗೇ ಗೋಡೆಗೆ ಹಾಕೋ ಆಸೆ ಇತ್ತು. ನಾಳೆ ಬೆಳಿಗ್ಗೆವರ್ಗೆ ಟೇಮ್ ಕೊಡಿ ಪಟೇಲ್ರೆ. ನಾಳೆ ಹೂಡ್ದೆ ಹೋದ್ರೆ ನೀವೇ ಯಾರಿಗಾನ ಕೊಡಿ, ನಾನೇ ಕೈ ಮುಗ್ದು ಕೊಡ್ತೀನಿ."

ತಾತನ ಕಾಲದಿಂದ ಕಾದು ಬಂದದ್ದನ್ನು ದೊಡ್ಡಪ್ಪ ಕೈ ಮುಗಿದು ಕೊಡುವುದನ್ನು ನೆನೆಸಿಕೊಂಡೆ. ಅನ್ನ ಇಳಿಯಲಿಲ್ಲ. ನನ್ನ ವಿಷಯದಲ್ಲಿ ಅದು ದೊಡ್ಡ ಸಂಗತಿ, ದೊಡ್ಡಮ್ಮ ಹಣೆ ಮುಟ್ಟಿ ನೋಡಿದರು.

ಇಳಿಹೊತ್ತಿಗೆ ಕೊಟ್ಟಿಗೆಗೆ ಹೋಗಿ ಒಂದು ಹಿಡಿ ಹಸಿ ಹುಲ್ಲು ಹಿಡಿದು ಮುತ್ತನ ಎಡಗಡೆ ಕುಕ್ಕರುಗಾಲಲ್ಲಿ ಕೂತೆ. ಅದು ನಡುಗಿತು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಏನೂ ತಿಳಿಯದಿದ್ದಾಗ ನಾನು ಮಾಡುವ ಕೆಲಸ ಒಂದೇ, ಮಾತಾಡುವುದು. ಹುಲಿ ದೊರೆಯನ್ನು ತಿಂದ ಕತೆ ಶುರು ಮಾಡಿದೆ. ಹುಲಿ ಟೋಪಿ ತಿನ್ನುವ ಹೊತ್ತಿಗೆ ಮುತ್ತನ ಎಡಗಿವಿ ನನ್ನ ಕಡೆ ತಿರುಗಿತು. ಲೆನ್ಸು ಉಗಿಯುವ ಹೊತ್ತಿಗೆ ಚರ್ಮ ಅಲುಗುವುದು ನಿಂತು, ಹುಲ್ಲಿಗೆ ನಾಲಗೆ ಚಾಚಿತು. ಮಾತು ನಿಲ್ಲಿಸಿದೆ. ಮತ್ತೆ ನಡುಗಿತು. ಮತ್ತೆ ಮಾತಾಡಿದೆ. ನಿಂತಿತು. ಆ ಬೆಳಕಿನ ಹಿಂದೆ ನಿಂತಿದ್ದವನು ಇವನೇ ಎಂದು ಅದಕ್ಕೆ ಗೊತ್ತಿರಲಿಲ್ಲ. ಅದು ಕಂಡದ್ದು ಬೆಳಕನ್ನು ಮಾತ್ರ. ಈಗ ಆ ಕಡೆಯಿಂದ ಒಂದು ದನಿ ಬರುತ್ತಿದ್ದರೆ, ಅಲ್ಲಿ ಇರುವುದು ಮನುಷ್ಯ, ಬೇರೇನೂ ಅಲ್ಲ ಎಂದು ಅದಕ್ಕೆ ಧೈರ್ಯ. ನನ್ನ ಅಂಗೈಯನ್ನು ನೆಕ್ಕಿತು. ಅದು ಕೊಂಬಿನಲ್ಲಿ ತಿವಿದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಬೆಳಗ್ಗೆ ನೊಗದ ಎಡಗಡೆ ನಾನು ನಡೆದೆ. ಬಲಗೈ ಮುತ್ತನ ಕುತ್ತಿಗೆಯ ಮೇಲೆ, ಸವರುತ್ತಲೇ. ಹಿಂದೆ ಕೂರಿಗೆ ಹಿಡಿದ ದೊಡ್ಡಪ್ಪ, ಬೀಜ ಬಿಡುವ ದೊಡ್ಡಮ್ಮ. ಬದುವಿನ ಮೇಲೆ ಊರು. ನಾನು ಮಾತಾಡುತ್ತ ಹೊರಟೆ. ಸಾಲು ನೆಟ್ಟಗೆ ಹೋಯಿತು. ಹೊಲದ ಆ ತುದಿ ಮುಟ್ಟಿ ತಿರುಗಿದಾಗ ಬದುವಿನಿಂದ ಒಂದು ಕೇಕೆ ಎದ್ದಿತು, ಅಕ್ಕಪಕ್ಕದ ಹೊಲಗಳಲ್ಲಿ ಕೂರಿಗೆಗಳು ಅಲ್ಲಾಡಿದವು. ಪಟೇಲರು ತಲೆಯ ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು. ಇಷ್ಟು ಜನರ ಕಣ್ಣು ನನ್ನ ಮೇಲೆ ಇರುವ ದಿನ ನನ್ನ ಜನ್ಮದಲ್ಲಿ ಇನ್ನೊಂದು ಬರಲಿಕ್ಕಿಲ್ಲ. ನನಗೆ ಎಲ್ಲಾದರೂ ಬಚ್ಚಿಟ್ಟುಕೊಂಡರೆ ಸಾಕಾಗಿತ್ತು.

ಮಾತು ಮುಗಿಯುವುದು ಎಂದರೇನು ಎಂದು ನನಗೆ ಆ ದಿನ ಗೊತ್ತಾಯಿತು. ಮಧ್ಯಾಹ್ನಕ್ಕೆ ಹುಲಿಯ ಕತೆ ಮುಗಿಯಿತು, ದೊರೆಗೆ ತಮ್ಮಂದಿರನ್ನು ಹುಟ್ಟಿಸಿ ಅವರನ್ನೂ ಹುಲಿಗೆ ಕೊಟ್ಟೆ. ಕಾಡಿನ ಆನೆಗಳನ್ನು ಕರೆತಂದೆ. ಸಂಜೆಗೆ ಹೇಳಲು ಏನೂ ಉಳಿಯದೆ ಮಗ್ಗಿ ಒಪ್ಪಿಸಿದೆ.

"ಆರೊಂಬತ್ಲು ಐವತ್ನಾಕು ಕಣ್ಲಾ," ಅಂದರು ದೊಡ್ಡಪ್ಪ ಹಿಂದಿನಿಂದ. "ಎತ್ತಿಗೆ ತಪ್ ಕಲುಸ್ಬ್ಯಾಡ."

ಜನ ನನ್ನ ಬಗ್ಗೆ ಹೊಸ ಕತೆ ಕಟ್ಟಿದರು. ಸಿದ್ದಪ್ಪನ ತಮ್ಮನ ಮಗ ಎತ್ತಿಗೆ ಮಂತ್ರ ಹೇಳುತ್ತಾನಂತೆ ಎಂದು ರಾವಂದೂರಿನವರೆಗೆ ಸುದ್ದಿ ಹೋಯಿತು. ದೂರದಿಂದ ಒಬ್ಬರು ಒದೆಯುವ ಹಸುವನ್ನೇ ಹಿಡಿದುಕೊಂಡು ಬಂದರು. ಅವರಿಗೆ ನಿಜ ಹೇಳಿದೆ. ಅವರು ನಂಬಲಿಲ್ಲ, ದೊಡ್ಡ ಗುಣ ಎಂದು ಹೊಗಳಿ ಹೋದರು. ರಫೀಕ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಹುಬ್ಬು ಬೆಳೆದ ಮೇಲೆ ಬಂದ. "ನೀನು ಸುಮ್ಮನೆ ಇದ್ರೆ ಎತ್ತು ನಿಲ್ಲತ್ತೆ, ನೀನು ಮಾತಾಡಿದ್ರೆ ನಾನು ಓಡ್ತೀನಿ," ಅಂದ. ಆದರೂ ಅವನು ಹೋಗಲಿಲ್ಲ, ಸಂಜೆಯವರೆಗೆ ಇದ್ದು ಮಲ್ಲನ ಕಡೆ ನಡೆದ.

ರಾಗಿ ಬೆರಳುದ್ದ ಎದ್ದಿತು. ಆರಿದ್ರ ಮಳೆ ಸಣ್ಣಗೆ ಹಿಡಿದಿತ್ತು. ನಾನು ಪಾಸಾಗಿದ್ದೆ, ಎಷ್ಟರಲ್ಲಿ ಎಂದು ಕೇಳುವುದು ಸಭ್ಯರ ಲಕ್ಷಣವಲ್ಲ. ಅಪ್ಪ ಅಂಗಡಿಯಿಂದ ಹೇಳಿಕಳಿಸಿದರು, ನಾಳೆ ಬಸ್ಸಿಗೆ ಬಾ, ಮೈಸೂರಿನ ಕಾಲೇಜಿಗೆ ಸೇರಿಸಬೇಕು ಎಂದು. ನಾನು ಹೋದರೆ ಮುತ್ತನ ಎಡಗಡೆ ಯಾರು? ಸುಗ್ಗಿಯವರೆಗೆ ಕೆಲಸವಿತ್ತು. ಹೂಡಲು ಆಗದ ಎತ್ತನ್ನು ಯಾವ ರೈತನೂ ಸುಮ್ಮನೆ ಕಟ್ಟಿಕೊಂಡು ಸಾಕುವುದಿಲ್ಲ. ಸಂತೆಗೆ ಹೊಡೆದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ದೊಡ್ಡಪ್ಪನಿಗೂ ಗೊತ್ತಿತ್ತು.

ಮರುದಿನ ಬೆಳಗ್ಗೆ ಕಳೆ ಕೀಳುವ ಕುಂಟೆ ಕಟ್ಟಿ ಹೊಲಕ್ಕೆ ಹೋದೆವು. ಸಾಲಿನ ಮಧ್ಯಕ್ಕೆ ಬಂದಾಗ ದೊಡ್ಡಪ್ಪ ಹಿಂದಿನಿಂದ ಮೆಲ್ಲಗೆ ಹೇಳಿದರು.

"ಮಗ, ಕೈ ತಗಿ. ಮಾತ್ ನಿಲ್ಲುಸ್ಬ್ಯಾಡ."

ಕೈ ತೆಗೆದೆ. ಮುತ್ತನ ಕಿವಿ ತಿರುಗಿತು. ನಡೆಯಿತು.

"ಈಗ ಕಾಲ್ ನಿಲ್ಸು. ಮಾತ್ ನಿಲ್ಲುಸ್ಬ್ಯಾಡ."

ನಿಂತೆ. ಜೋಡಿ ನನ್ನನ್ನು ದಾಟಿತು, ದೊಡ್ಡಪ್ಪ ನನ್ನನ್ನು ದಾಟಿದರು, ತಿರುಗಿ ನೋಡಲಿಲ್ಲ. ಮುತ್ತನ ಎಡಗಡೆ ಮತ್ತೆ ಬರೀ ಬಯಲಾಯಿತು. ಅದು ತಲೆ ಅರ್ಧ ಎತ್ತಿತು. ಒಂದು ಕಾಲು ತಡೆಯಿತು. ನನಗೆ ಹುಲಿಯೂ ನೆನಪಾಗಲಿಲ್ಲ, ದೊರೆಯೂ ನೆನಪಾಗಲಿಲ್ಲ, ಮಗ್ಗಿಯೂ ಬರಲಿಲ್ಲ. ಬಾಯಿಗೆ ಬಂದದ್ದನ್ನು ಕೂಗಿದೆ. "ಅಲ್ಲೇನೂ ಇಲ್ಲ ಕಣೋ ಮುತ್ತ! ಏನೂ ಇಲ್ಲ, ನಡಿ! ಇದ್ದೋನು ನಾನೇ ಕಣೋ, ನಾನೇ, ಈಗಿಲ್ಲ, ನಡಿ!"

ಆ ಕಾಲು ಮುಂದೆ ಬಿತ್ತು. ಕಿವಿಯನ್ನು ನನ್ನ ಕಡೆಗೇ ಹಿಂದಕ್ಕೆ ತಿರುಗಿಸಿಕೊಂಡು ಮುತ್ತ ನಡೆಯಿತು. ಸಾಲು ಉದ್ದವಾಗುತ್ತ ಹೋಯಿತು, ಸೋನೆಯಲ್ಲಿ ಎತ್ತು ಯಾವುದು ದೊಡ್ಡಪ್ಪ ಯಾರು ಎಂದು ತಿಳಿಯದಾಯಿತು. ಅಷ್ಟು ದೂರಕ್ಕೆ ಯಾರ ದನಿಯೂ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಕುಂಟೆ ಆ ತುದಿಯಲ್ಲಿ ತಿರುಗಿದ್ದು ಕಂಡಿತು. ಬಸ್ಸಿನ ಹೊತ್ತಾಯಿತು ಎಂದು ರಫೀಕ ಬಂದು ತೋಳು ಹಿಡಿದು ಎಳೆಯುವವರೆಗೂ ನಾನು ಕೆಸರಿನಲ್ಲಿ ನಿಂತು ಮಾತಾಡುತ್ತಲೇ ಇದ್ದೆ.